ಅಂಚಿನಲ್ಲಿ ಬರೆದ ಕನ್ನಡ

ನನ್ನ ತಮ್ಮನಿಗೆ ಒಂದು ನಿಜ ಹೇಳಬೇಕಿತ್ತು. ಹದಿನೇಳು ವರ್ಷ ಹೇಳಲಿಲ್ಲ. ಮೈದಾ ಅಂಟು ಕುದಿಯುವ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನನಗೆ ಮೊದಲು ನೆನಪಾಗುವುದು ಅದೇ. ಹುಳ ಬೀಳದಿರಲೆಂದು ಅಪ್ಪ ಆ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸುತ್ತಿದ್ದರು. ಅದರ ಘಾಟು ಸೇರಿಕೊಂಡು ವಾಸನೆ ಹುಳಿಯೂ ಅಲ್ಲ, ಸಿಹಿಯೂ ಅಲ್ಲ ಅನ್ನುವ ಹಾಗೆ ಆಗುತ್ತಿತ್ತು. ಹನುಮಂತನಗರದ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯೇ ಅಪ್ಪನ ಬೈಂಡಿಂಗ್ ಅಂಗಡಿ. ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಒಂದು ಕಿವಿ ಕುಕ್ಕರಿನ ಕಡೆಗಿಟ್ಟು, ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಮಡಿಸುತ್ತಿದ್ದಳು. ನಾವು ಉಂಡ ಅನ್ನಕ್ಕೂ ರಟ್ಟಿನ ವಾಸನೆ ಇರುತ್ತಿತ್ತು. ಅಂಥ ಮನೆಯಲ್ಲಿ ಬೆಳೆದವರಿಗೆ ಮಾತ್ರ ಇದು ಎಷ್ಟು ರುಚಿಯ ಮಾತು ಎಂದು ಗೊತ್ತು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಅಪ್ಪನ ಪಕ್ಕ ಕೂತವನು. ಶಿವು ನನಗಿಂತ ಐದು ವರ್ಷ ಚಿಕ್ಕವನು, ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ತ್ಯಾಗರಾಜನಗರದ ಹಳೇ ಪೇಪರ್ ಅಂಗಡಿಯಲ್ಲಿ ಅವನಿಗೊಂದು ದಪ್ಪ ಪುಸ್ತಕ ಸಿಕ್ಕಿತು. ಅಮೆರಿಕದಲ್ಲಿ ಯಾವ ಕಾಲದಲ್ಲೋ ತಿಂಗಳಿಗೊಂದರಂತೆ ಬಂದಿದ್ದ, ಆಕಾಶದಲ್ಲಿ ಹಾರಾಡುವ ವೀರನೊಬ್ಬನ ಚಿತ್ರಕಥೆಗಳನ್ನು ಒಟ್ಟು ಸೇರಿಸಿ, ಬಣ್ಣವಿಲ್ಲದೆ, ಅಗ್ಗದ ಕಾಗದದಲ್ಲಿ ಮತ್ತೆ ಅಚ್ಚು ಹಾಕಿದ್ದ ಪುಸ್ತಕ. ಅಮ್ಮ ಅದನ್ನು ತಿರುವಿ, "ಇವನ್ಯಾಕೋ ಕುತ್ತಿಗೆಗೆ ಬೆಡ್‌ಶೀಟ್ ಕಟ್ಕೊಂಡವ್ನೆ, ಚಳಿ ಜ್ವರವಾ?" ಎಂದಳು. ಅಂದಿನಿಂದ ಅವನು ನಮ್ಮ ಮನೆಯಲ್ಲಿ ಬೆಡ್‌ಶೀಟಣ್ಣನಾದ. ಸಂಜೆ ಶಿವು ಓದಿ ಕನ್ನಡದಲ್ಲಿ ಹೇಳುತ್ತಿದ್ದ, ನಾನು ಹೊಲಿಗೆ ಹಾಕುತ್ತಾ ಕೇಳುತ್ತಿದ್ದೆ. ಹಗಲು ಅವನು ಶಾಲೆಗೆ ಹೋದಾಗ ನಾನು ಬರೀ ಚಿತ್ರ ನೋಡುತ್ತಾ ಕೂರುವುದು ಅವನಿಗೆ ತಿಳಿಯಿತೋ ಏನೋ, ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ ಕನ್ನಡ ಬರೆದಿಡತೊಡಗಿದ. ಬರೀ ಅರ್ಥವಲ್ಲ. "ಅಣ್ಣ, ಇವನು ಸುಳ್ಳು ಹೇಳ್ತಿದ್ದಾನೆ, ನಂಬಬೇಡ", "ಇವನು ನಮ್ಮ ಡ್ರಿಲ್ ಮಾಸ್ಟರ್ ಥರ ಕಿರುಚ್ತಾನೆ", "ಈ ಪುಟದಲ್ಲಿ ಮಾತಿಲ್ಲ, ನಿಧಾನಕ್ಕೆ ನೋಡು." ಎರಡು ವರ್ಷದಲ್ಲಿ ಪುಸ್ತಕದ ಅಂಚೆಲ್ಲ ತುಂಬಿತು. ನನ್ನ ಮೇಲೆ ಅಷ್ಟು ಹೊತ್ತು ಖರ್ಚು ಮಾಡಿದವರು ಬೇರೆ ಯಾರೂ ಇಲ್ಲ.

ಕೈಯಿಂದ ಕೈಗೆ ಹೋಗಿ ಪುಸ್ತಕದ ಬೆನ್ನು ಬಿಟ್ಟಿತು, ಹಾಳೆಗಳು ಉದುರತೊಡಗಿದವು. ಶಿವು ಒಂದು ಬೆಳಿಗ್ಗೆ ಅದನ್ನು ನನ್ನ ಮುಂದಿಟ್ಟು, "ಅಣ್ಣ, ಹೊಲಿದು ರಟ್ಟು ಹಾಕು ಸಾಕು. ಕಟಿಂಗ್ ಮಾಡ್ಬೇಡ, ಬರ್ದಿರೋದು ಹೋಗುತ್ತೆ" ಎಂದು ಹೇಳಿ ಶಾಲೆಗೆ ಹೋದ. ನಮ್ಮ ಕಸುಬಿನಲ್ಲಿ ಬೈಂಡಾದ ಪುಸ್ತಕ ಮೂರು ಬದಿ ಕೊಯ್ಯಿಸಿಕೊಳ್ಳದೆ ಅಂಗಡಿ ದಾಟುವುದಿಲ್ಲ. ಅಂಚು ಕೊಯ್ಯದ ಪುಸ್ತಕ ತಲೆ ಬಾಚದ ಮಗುವಿನ ಹಾಗೆ ಎನ್ನುತ್ತಿದ್ದರು ಅಪ್ಪ. ಆದರೂ ನಾನು "ಆಯ್ತು ಕಣೋ" ಎಂದಿದ್ದೆ. ನಾನು ಹೊಲಿಗೆ ಮುಗಿಸಿ ಅಂಟು ಹಚ್ಚುವ ಹೊತ್ತಿಗೆ ಕಾಲೇಜು ಹುಡುಗಿಯರಿಬ್ಬರು ಪ್ರಾಜೆಕ್ಟ್ ರಿಪೋರ್ಟು ಬೈಂಡಿಗೆ ತಂದರು. ಒಬ್ಬಳು ಆ ಪುಸ್ತಕ ಎತ್ತಿಕೊಂಡು ಅಂಚನ್ನು ಓದಿ ನಕ್ಕಳು. "ಅಂಕಲ್, ಯಾರಿಗಿದು ಟ್ಯೂಷನ್ನು?" ಅಪ್ಪ ಹೆಮ್ಮೆಯಿಂದಲೇ ಹೇಳಿದರು, "ನಮ್ಮ ದೊಡ್ಡೋನಿಗಮ್ಮ. ಅವನಿಗೆ ಇಂಗ್ಲಿಷ್ ಬರಲ್ಲ, ಚಿಕ್ಕೋನು ಹೇಳ್ಕೊಡ್ತಾನೆ." ಅವಳು ನನ್ನ ಕಡೆ ನೋಡಿ, "ಸಖತ್! ಕ್ಲಾಸಲ್ಲಿ ತರ್ಲೆ ಮಾಡಲ್ಲ ತಾನೆ?" ಎಂದಳು. ಅವಳಲ್ಲಿ ಕೆಡುಕಿರಲಿಲ್ಲ. ನನಗೆ ಹದಿನೇಳು ವರ್ಷ, ಕೈಯೆಲ್ಲ ಅಂಟು, ಮುಖವೆಲ್ಲ ಬೆಂಕಿ.

ಮಧ್ಯಾಹ್ನ ಅಪ್ಪ ಊಟಕ್ಕೆ ಎದ್ದು ಹೋದಾಗ ಪುಸ್ತಕವನ್ನು ಕಟಿಂಗ್ ಮಿಷನ್ನಿಗೆ ಇಟ್ಟೆ. ಮಾಮೂಲಿಯಾಗಿ ನಾವು ತೆಗೆಯುವುದು ಎರಡು ನೂಲಿನಷ್ಟು, ಕಾಲು ಇಂಚು. ನಾನು ಅಕ್ಷರ ಒಳಗಡೆ ಎಲ್ಲಿಗೆ ಮುಗಿಯುತ್ತದೆಂದು ನೋಡಿ, ಅಲ್ಲಿಯವರೆಗೂ ಅಳತೆ ತಿರುಗಿಸುತ್ತಾ, ಒಂದೊಂದು ಬದಿಗೂ ಎರಡೆರಡು ಸಲ ಹಿಡಿಕೆ ಎಳೆದೆ. ಕಾಗದದ ಪಟ್ಟಿಗಳು ಮಿಷನ್ನಿನ ಕೆಳಗೆ ಮೆತ್ತಗೆ ಬಿದ್ದವು. ಪುಸ್ತಕ ಬಹಳ ಅಚ್ಚುಕಟ್ಟಾಗಿ ಕಾಣುತ್ತಿತ್ತು.

ಸಂಜೆ ಶಿವು ಪುಸ್ತಕ ತೆರೆದ. ಒಂದೆರಡು ಪುಟ ತಿರುವಿ ಮುಚ್ಚಿದ. ಕತ್ತರಿಸಿದ ಚೂರು ತುಂಬುವ ಗೋಣಿಚೀಲದ ಮುಂದೆ ಯೂನಿಫಾರಂನಲ್ಲೇ ಕೂತು, ಪೆನ್ಸಿಲ್ ಗುರುತಿರುವ ಪಟ್ಟಿಗಳನ್ನು ಒಂದೊಂದೇ ಆಯತೊಡಗಿದ. ಕೆಲವುಗಳಲ್ಲಿ ಅರ್ಧ ಅಕ್ಷರ, ಕೆಲವುಗಳಲ್ಲಿ ಬರೀ ಒತ್ತು. ಯಾವ ಪಟ್ಟಿ ಯಾವ ಪುಟದ್ದೆಂದು ತಿಳಿಯುವಂತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎಲ್ಲವನ್ನೂ ಮತ್ತೆ ಚೀಲಕ್ಕೆ ಹಾಕಿ ಎದ್ದ. "ಹೋಗ್ಲಿ ಬಿಡಣ್ಣ, ಅಭ್ಯಾಸಬಲ. ಕೈ ತಾನಾಗೇ ಹೋಗ್ಬಿಡುತ್ತೆ" ಎಂದ. ನಾನು "ಹ್ಞೂಂ" ಎಂದೆ. ಅವನು ಬೈಂಡರನ ಮಗ. ಅಭ್ಯಾಸಬಲ ಅಷ್ಟು ಅಗಲ ಕೊಯ್ಯುವುದಿಲ್ಲವೆಂದು ಅವನಿಗೆ ಗೊತ್ತಿರಲಿಲ್ಲವೆ? ಇಂದಿಗೂ ನನಗೆ ತಿಳಿಯದು. ಅವನು ಕೋಪ ಮಾಡಿಕೊಳ್ಳಲಿಲ್ಲ; ಮತ್ತೆ ಅಂಚಿನಲ್ಲಿ ಏನೂ ಬರೆಯಲಿಲ್ಲ, ಅಷ್ಟೆ. ಸಂಜೆಯ ಓದು ವಾರಕ್ಕೊಮ್ಮೆಯಾಗಿ, ಆಮೇಲೆ ನಿಂತೇ ಹೋಯಿತು. ಬೆಡ್‌ಶೀಟಣ್ಣ ಅಟ್ಟ ಸೇರಿದ.

ಆಮೇಲೆ ಅಪ್ಪ ಹೋದರು, ಎರಡು ವರ್ಷಕ್ಕೆ ಅಮ್ಮ. ಕಂಪ್ಯೂಟರ್ ಸೆಂಟರುಗಳಲ್ಲಿ ನಿಂತ ನಿಲುವಿನಲ್ಲೇ ಸ್ಪೈರಲ್ ಹಾಕಿಕೊಡುವುದು ಬಂದ ಮೇಲೆ ನಮ್ಮ ಹತ್ತಿರ ಬರುವವರು ಕಡಿಮೆಯಾದರು. ಮಿಷನ್ನು ಹಳೇ ಕಬ್ಬಿಣದವರ ಪಾಲಾಯಿತು. ಮನೆಯ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿದೆ. ಆ ಮುಂಗೋಣೆ ಇದ್ದ ಕಡೆ ಈಗ ಕಾರುಗಳು ನಿಲ್ಲುತ್ತವೆ. ಬಸ್ಸಿನಲ್ಲಿ ಹಾದುಹೋಗುವಾಗ ನಾನು ಆ ಕಡೆಯ ಕಿಟಕಿಗೆ ಕೂರುವುದಿಲ್ಲ.

ಶಿವು ಶಾಲೆಯೊಂದರಲ್ಲಿ ಮೇಷ್ಟ್ರಾಗಿ ಜೆ.ಪಿ. ನಗರದಲ್ಲಿ ಮನೆ ಮಾಡಿದ. ಒಂದು ಭಾನುವಾರ ಊಟಕ್ಕೆ ಕರೆದಿದ್ದ. ಹೋದೊಡನೆ ಒಂದು ಭಾರದ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟ. ಅವೇ ಕಥೆಗಳು, ಈಗ ಗಟ್ಟಿ ರಟ್ಟು, ನುಣುಪು ಕಾಗದ, ಪುಟಪುಟಕ್ಕೂ ಬಣ್ಣ. "ಬೈಂಡಿಂಗ್ ನೋಡಣ್ಣ, ಅಪ್ಪ ಮೆಚ್ಚೋರು ಅಲ್ವಾ?" ಎಂದ. ನಾನು ಹೊಲಿಗೆ ನೋಡಲಿಲ್ಲ. ಅಗಲವಾದ, ಬಿಳಿಯ, ಖಾಲಿ ಅಂಚನ್ನೇ ನೋಡುತ್ತಿದ್ದೆ. ಅವನ ಹೆಂಡತಿ ಲತಾ ಕಾಫಿ ತಂದಿಟ್ಟು, "ಭಾವ, ನೀವು ಅಭ್ಯಾಸಬಲದಲ್ಲಿ ಕತ್ತರಿಸಿದ್ರಂತಲ್ಲ, ಅದೇ ಪುಸ್ತಕನಾ?" ಎಂದು ನಕ್ಕಳು. ನಾನು ಬಾಯಿ ತೆರೆಯುವ ಮೊದಲೇ ಶಿವು, "ಪಾಪ, ಅಣ್ಣಂದೇನೂ ತಪ್ಪಿಲ್ಲ ಕಣೇ, ಕಸುಬು ಹಾಗೆ" ಎಂದ. ನನ್ನ ಸುಳ್ಳನ್ನು ಅವನು ಅಷ್ಟು ವರ್ಷ ನನಗಾಗಿ ಕಾಪಾಡಿಕೊಂಡು ಬಂದಿದ್ದ.

ಪುಸ್ತಕ ಮುಚ್ಚಿದೆ.

"ಶಿವು, ಅವತ್ತು ಕೈ ತಾನಾಗೇ ಹೋಗ್ಲಿಲ್ಲ ಕಣೋ. ಅಳತೆ ನೋಡಿ ಬೇಕಂತ್ಲೇ ಕೊಯ್ದೆ. ಆ ಹುಡುಗಿ ನಕ್ಕಳು ಅಂತ, ನೀನು ನಂಗೋಸ್ಕರ ಬರ್ದಿದ್ದಕ್ಕೇ ನಾಚಿಕೆಪಟ್ಟೆ. ತಪ್ಪಾಯ್ತು ಮಗಾ, ಕ್ಷಮಿಸು."