ರೇಷ್ಮೆ ಚಿಟ್ಟೆಗೆ ನಾನು ಕೊಟ್ಟ ಹಲ್ಲು

ಕೋಲಾರದ ಕಾಲೇಜೊಂದರಲ್ಲಿ ನಾನು ಅರೆಕಾಲಿಕ ಜೀವಶಾಸ್ತ್ರ ಉಪನ್ಯಾಸಕ. ಇಂಟರ್ನೆಟ್ಟಿನಲ್ಲಿ ಮಾತ್ರ ಪ್ರೊಫೆಸರ್. ಎರಡು ಸಾವಿರದ ದಶಕದ ನಡುವಿನ ವರ್ಷಗಳವು. ಶನಿವಾರ ಪಾಠ ಮುಗಿಸಿ, ಮುಳಬಾಗಿಲಿನ ಬಸ್ಸು ಹತ್ತುವ ಮುಂಚೆ, ಸೈಬರ್ ಕೆಫೆಯಲ್ಲಿ ಒಂದು ಗಂಟೆ ಕೂರುತ್ತಿದ್ದೆ. ಯಾವ ದೇಶದ ವಿದ್ಯಾರ್ಥಿ ಬೇಕಾದರೂ ಪ್ರಶ್ನೆ ಕೇಳಬಹುದಾದ, ಯಾರು ಬೇಕಾದರೂ ಉತ್ತರಿಸಬಹುದಾದ ವೆಬ್‌ಸೈಟ್ ಒಂದಿತ್ತು. ಅಲ್ಲಿ ಬಿಳಿಯರ ಹೆಸರೊಂದನ್ನು ಇಟ್ಟುಕೊಂಡು, ಅದರ ಮುಂದೆ ಪ್ರೊಫೆಸರ್ ಎಂದು ಸೇರಿಸಿಕೊಂಡಿದ್ದೆ. ಮೆಚ್ಚಿದವರು ನಕ್ಷತ್ರ ಕೊಡುತ್ತಿದ್ದರು. ನಕ್ಷತ್ರ ಬಂದ ದಿನ ಬಸ್ಸಿನಲ್ಲಿ ನಿಂತು ಹೋದರೂ ಕಾಲು ನೋಯುತ್ತಿರಲಿಲ್ಲ.

ಒಂದು ಶನಿವಾರ ಒಂದು ಪ್ರಶ್ನೆ ಬಂತು. ಕಿಣ್ವಗಳ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ, ರೇಷ್ಮೆ ಚಿಟ್ಟೆ ಗೂಡಿನಿಂದ ಹೊರಬರುವುದು ಕಿಣ್ವದ ಕೆಲಸವೇ, ಎಂದು. ಇಂಗ್ಲಿಷ್ ಮುರುಕಾಗಿತ್ತು. ಚೀನಾದವರಿರಬೇಕು ಎಂದುಕೊಂಡೆ. ಉತ್ತರ ನನಗೆ ಗೊತ್ತಿರಲಿಲ್ಲ. ನಮ್ಮದು ಪೌರೋಹಿತ್ಯದ ಮನೆ, ರೇಷ್ಮೆಯನ್ನು ಮಡಿಪಂಚೆಯಾಗಿ ಮಾತ್ರ ಕಂಡವನು ನಾನು. ಆದರೂ ತರ್ಕ ಹೂಡಿದೆ: ಹುಳು ಸೊಪ್ಪನ್ನು ಕರಕರ ಕಡಿಯುತ್ತದೆ, ಅಂದಮೇಲೆ ಚಿಟ್ಟೆಗೂ ದವಡೆ ಇರಲೇಬೇಕು. 'ಚಿಟ್ಟೆ ಹರಿತವಾದ ದವಡೆಯಿಂದ ಗೂಡನ್ನು ಕತ್ತರಿಸುತ್ತದೆ. ಇದರಲ್ಲಿ ಕಿಣ್ವದ ಪಾತ್ರವಿಲ್ಲ. ಹಳ್ಳಿಯ ನಂಬಿಕೆಗಳನ್ನು ವಿಜ್ಞಾನದೊಂದಿಗೆ ಬೆರೆಸಬೇಡಿ' ಎಂದು ಬರೆದೆ. ಐದು ನಕ್ಷತ್ರ ಬಂತು.

ಅದೇ ವಾರ ನನ್ನ ತರಗತಿಗೂ ಕಿಣ್ವಗಳ ಮೇಲೆ ಪ್ರಬಂಧ ಬರೆಯಲು ಹೇಳಿದ್ದೆ. ಎರಡೂ ಒಂದೇ ಇರಬಹುದೆಂದು ಹೊಳೆಯಲೇ ಇಲ್ಲ. ಸೈಬರಿನಿಂದ ನಕಲು ಮಾಡಿದವರಿಗೆ ಸೊನ್ನೆ, ಸೊನ್ನೆ ಬಂದವರು ಪರೀಕ್ಷೆಗೆ ಕೂರುವಂತಿಲ್ಲ ಎಂದು ಗುಡುಗಿದ್ದೆ. ಆಗಲೇ ಇಬ್ಬರು ಹುಡುಗರಿಗೆ ಸೊನ್ನೆ ಸುತ್ತಿಯೂ ಆಗಿತ್ತು. ಮೂರನೆಯದು ನಂಗಲಿ ಕಡೆಯ ಒಬ್ಬ ಹುಡುಗಿಯದು. ಎರಡನೆಯ ಪುಟದಲ್ಲಿ 'ಹರಿತವಾದ ದವಡೆ' ಕಂಡಿತು. ಅದರ ಕೆಳಗೆ 'ಹಳ್ಳಿಯ ನಂಬಿಕೆ'ಯೂ ಇತ್ತು. ನಾನು ಹಾಕಿದ್ದ ಪ್ರತಿಯೊಂದು ಅಲ್ಪವಿರಾಮ ಇದ್ದಲ್ಲೇ ಇತ್ತು.

ಅವಳನ್ನು ಸ್ಟಾಫ್ ರೂಮಿಗೆ ಕರೆಸಿದೆ.

"ಇದೆಲ್ಲಿಂದ ಬಂತಮ್ಮಾ?"

ಅವಳು ಅಳಲಿಲ್ಲ. ದುಪಟ್ಟಾದ ತುದಿ ಹಿಡಿದುಕೊಂಡು ಹೇಳಿದಳು. "ಸೈಬರ್‌ನಲ್ಲಿ ಕೇಳಿದ್ದು ಸಾರ್. ನಮ್ಮನೇಲಿ ಹುಳ ಸಾಕ್ತೀವಿ. ಚಿಟ್ಟೆ ಗೂಡನ್ನ ಒದ್ದೆ ಮಾಡಿ ಬರುತ್ತೆ ಅಂತ ನಾನೇ ಬರ್ದಿದ್ದೆ. ಫಾರಿನ್ ಪ್ರೊಫೆಸರ್ ಒಬ್ರು ಅದು ತಪ್ಪು ಅಂದ್ರು. ಅದಕ್ಕೆ ಹೊಡೆದಾಕ್ಬಿಟ್ಟೆ."

"ಫಾರಿನ್ ಅಂತ ಹೇಗೆ ಗೊತ್ತು?" ಇಂಥ ಹೊತ್ತಿನಲ್ಲೂ ಹೀಗೆ ಕೇಳಿದೆ. ಹೊಗಳಿಕೆಯ ಆಸೆ ಸಾಯುವುದಿಲ್ಲ.

"ಅವರ ಇಂಗ್ಲಿಷು ಸಾರ್. ನಮ್ ಕಡೆಯೋರ ಥರ ಇಲ್ಲ." ಆಮೇಲೆ ದನಿ ತಗ್ಗಿಸಿದಳು. "ಸಾರ್, ಕಾಮಾಲೆ ಬಂದು ಒಂದ್ ವರ್ಷ ಹೋಗಿದೆ. ಈ ಸಲ ಪರೀಕ್ಷೆಗೆ ಕೂರ್ಲಿಲ್ಲ ಅಂದ್ರೆ ಮನೇಲಿ ಮತ್ತೆ ಕಳ್ಸಲ್ಲ."

ಸೊನ್ನೆ ಹಾಕಲು ಕೈ ಬರಲಿಲ್ಲ. ನಿಜ ಹೇಳಲು ಬಾಯಿ ಬರಲಿಲ್ಲ. ಚಿಟ್ಟೆ ಹೊರಬರುವುದನ್ನು ನೋಡಿ ತೀರ್ಮಾನಿಸುತ್ತೇನೆ ಎಂದೆ, ನ್ಯಾಯಾಧೀಶನ ಗತ್ತಿನಲ್ಲಿ.

ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಅವಳ ಊರಿಗೆ ಹೋದೆ. ಬೆಳೆಯ ಗೂಡುಗಳನ್ನೆಲ್ಲ ಚಿಟ್ಟೆ ಬರುವ ಮೊದಲೇ ಬಿಡಿಸಿ ಮಾರುಕಟ್ಟೆಗೆ ಹಾಕುತ್ತಾರೆ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಮೂಲೆಯಲ್ಲಿ ಕಣ್ತಪ್ಪಿ ಉಳಿದ ಕೆಲವಿದ್ದವು. ಅವಳ ತಾಯಿ ಒಂದನ್ನು ತೆಗೆದು ಮೊರದಲ್ಲಿಟ್ಟರು. ನಾನು ಕನ್ನಡಕ ಒರೆಸಿಕೊಂಡು ಕುಕ್ಕರಗಾಲಿನಲ್ಲಿ ಕುಳಿತೆ. ಸುಮಾರು ಇಪ್ಪತ್ತು ನಿಮಿಷ. ಗೂಡಿನ ಒಂದು ತುದಿ ಮೊದಲು ಮಂಕಾಯಿತು, ಆಮೇಲೆ ತೇವವಾಯಿತು. ಎಳೆಗಳು ತುಂಡಾಗಲಿಲ್ಲ, ಸಡಿಲಗೊಂಡು ಪಕ್ಕಕ್ಕೆ ಸರಿದವು. ನಡುವಿನಿಂದ ಒದ್ದೆ ತಲೆಯೊಂದು ಹೊರಗೆ ಬಂತು. ಮುಟ್ಟಿ ನೋಡಿದೆ. ಬೆರಳಿಗೆ ತೇವ ಹತ್ತಿತು. ನಾನು ಇಲ್ಲವೆಂದು ಬರೆದಿದ್ದ ಕಿಣ್ವ ಅದರಲ್ಲೇ ಇರಬೇಕು.

"ಇದು ಕಚ್ಚೋದಿಲ್ವಾ?" ಎಂದೆ.

ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಅಯ್ಯೋ ಸಾಮಿ, ಕಚ್ಚಾಕೆ ಹಲ್ಲೆಲ್ಲಿ ಅದ್ಕೆ? ಆಚೆ ಬಂದ್ಮೇಲೆ ಒಂದ್ ಹನಿ ನೀರೂ ಕುಡಿಯಾಕಿಲ್ಲ. ಹಲ್ಲೈತೆ ಅಂದೋನು ಯಾವೋನು?"

"ಯಾರೋ ಪ್ರೊಫೆಸರಂತೆ ಕಣಮ್ಮಾ" ಎಂದಳು ಮಗಳು.

"ನಾನೇ" ಎಂದೆ. ಮೊದಲಿಂದ ಎಲ್ಲವನ್ನೂ ಹೇಳಿದೆ, ಬಿಳಿಯರ ಹೆಸರನ್ನೂ.

"ಸುಮ್ನಿರಿ ಸಾರ್," ಎಂದಳು ಹುಡುಗಿ, "ನನ್ನ ಉಳಿಸೋಕೆ ನೀವ್ಯಾಕೆ ಸುಳ್ಳು ಹೇಳ್ತೀರ?" ಆ ಉತ್ತರವನ್ನು ನಾನು ಅಕ್ಷರ ಬಿಡದೆ ಒಪ್ಪಿಸಿದ ಮೇಲೆಯೇ ಅವಳ ಮುಖ ಬದಲಾಯಿತು.

ತಾಯಿ ಮಾತ್ರ ನಗು ನಿಲ್ಲಿಸಿದ್ದರು. "ಅಂಗಾರೆ ತಪ್ಪು ಬರ್ಸಿದ್ದು ನೀವು. ಈಗ ಸೊನ್ನೆ ಯಾರ್ಗೆ ಸಾರೂ?"

ಸೋಮವಾರ ತರಗತಿಯಲ್ಲಿ ಅದೇ ಕತೆಯನ್ನು ನಿಂತುಕೊಂಡು ಹೇಳಿದೆ. ಹಿಂದಿನ ಬೆಂಚಿನಿಂದ "ಏನ್ಲಾ, ಸಾರೇ ಕಾಪಿ ಕೊಟ್ಟವ್ರೆ!" ಎಂಬ ದನಿ ಬಂತು. ಸೊನ್ನೆ ಸುತ್ತಿಸಿಕೊಂಡ ಇಬ್ಬರಲ್ಲಿ ಒಬ್ಬನದು. ಬೈಯುವ ಅಧಿಕಾರ ಉಳಿದಿರಲಿಲ್ಲ. ಅವರಿಬ್ಬರ ಸೊನ್ನೆಯನ್ನೂ ಹೊಡೆದುಹಾಕಿ, ಮೂವರೂ ತಾವು ಕಣ್ಣಾರೆ ಕಂಡದ್ದನ್ನು ಮತ್ತೆ ಬರೆದು ತರಲಿ ಎಂದೆ.

ಅವಳು ಮೂರು ಪುಟ ಬರೆದು ತಂದಳು. ಕೆಂಪು ಪೆನ್ನಿಗೆ ಕೆಲಸ ಸಿಗಲಿಲ್ಲ. ಪರೀಕ್ಷೆಯ ಅರ್ಜಿಗೆ ನಾನು ಸಹಿ ಹಾಕಿದ ಮೇಲೆ, ಅದು ಅಳಿಸಿಹೋದೀತೆಂದು ಹೆದರಿದವಳಂತೆ, ಮಸಿ ಒಣಗುವವರೆಗೂ ಊದುತ್ತಾ ನನ್ನ ಮೇಜಿನ ಮುಂದೆಯೇ ನಿಂತಿದ್ದಳು.