ಅಕ್ಕನ ಗೋಡೆಗೊಬ್ಬ ಬುದ್ಧ

ನನಗೊಂದು ಕೆಟ್ಟ ಚಟವಿದೆ. ಯಾರ ಮನೆಗೆ ಹೋದರೂ ಗೋಡೆಯ ಮೇಲಿನ ಫೋಟೋಕ್ಕೆ ಮೂಗು ತಾಗಿಸಿ ನೋಡುತ್ತೇನೆ. ಅದರಲ್ಲಿರುವ ಅಜ್ಜ ಯಾರು, ಇದ್ದಾರೋ ಹೋದರೋ ಎಂದು ಕೇಳುವ ಸೌಜನ್ಯವೂ ಇಲ್ಲ. ಅಜ್ಜನ ಮೀಸೆಯ ಕೂದಲು ಬಿಡಿಬಿಡಿಯಾಗಿ ಕಾಣುತ್ತದೋ ಇಲ್ಲವೋ, ಅಷ್ಟೇ ನನ್ನ ಚಿಂತೆ. ಯಾದಗಿರಿಯ ಗುಮಾಸ್ತಿಕೆಯಿಂದ ನಿವೃತ್ತನಾಗಿ ಡಿಜಿಟಲ್ ಕ್ಯಾಮೆರಾ ಕೊಂಡ ಮೇಲಂತೂ ಇದು ತಲೆಗೇರಿಬಿಟ್ಟಿದೆ.

ಸುರಪುರದಲ್ಲಿ ಹಳೆಯ ಸ್ಟುಡಿಯೋ ಇಟ್ಟುಕೊಂಡಿರುವ ಗೆಳೆಯ ಬಸಣ್ಣನಿಗೆ ಡಿಜಿಟಲ್ ಎಂದರೆ ಮೈಯೆಲ್ಲ ಉರಿ. ಕಪ್ಪು-ಬಿಳುಪು ರೀಲನ್ನು ಈಗಲೂ ಕತ್ತಲೆ ಕೋಣೆಯಲ್ಲಿ ತಾನೇ ತೊಳೆಯುತ್ತಾನೆ. ನಾನು ಮೆಗಾಪಿಕ್ಸೆಲ್ ಎಂದು ಬಾಯಿ ತೆಗೆದರೆ ಸಾಕು, ಅವನು ಫಿಲ್ಮಿನಲ್ಲಿ ಚಿತ್ರ ಮೂಡಿಸುವ ಬೆಳ್ಳಿಯ ಕಣಗಳ ಪುರಾಣ ಬಿಚ್ಚುತ್ತಾನೆ: ಸಣ್ಣ ರೀಲಿಗಿಂತ ಅಗಲ ರೀಲು ಮೇಲು, ಅದಕ್ಕಿಂತ ಹಿಂದಿನವರ ಗಾಜಿನ ಪ್ಲೇಟು ಮೇಲು. ಕೊನೆಗೆ ಒಂದೇ ಮಾತು, "ನಿನ್ನ ಡಬ್ಬಿದಾಗ ಜೀವ ಇಲ್ಲಲೇ."

ಈ ಜಗಳಕ್ಕೆ ತೀರ್ಪು ಸಿಕ್ಕದ್ದು ಶಹಾಪುರದ ನನ್ನ ಅಕ್ಕನ ಮನೆಯಲ್ಲಿ. ಅಕ್ಕ ದಿನಾ ಬೆಳಿಗ್ಗೆ ಮಾಳಿಗಿ ಹತ್ತಿ, ಗುಡ್ಡದ ಸಾಲೇ ಹಣೆ, ಮೂಗು, ಎದೆಯಾಗಿ ಮಲಗಿದಂತೆ ಕಾಣುವ ಬುದ್ಧನಿಗೆ ಕೈಮುಗಿದೇ ಚಹಾ ಕುಡಿಯುವವಳು. ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಇನ್ನು ಮೆಟ್ಟಿಲು ಹತ್ತುವ ಮಾತೇ ಬೇಡ ಎಂದರು ಡಾಕ್ಟರು. ನೋಡಲು ಹೋದರೆ, "ತಮ್ಮಾ, ಅಂವನ ಮಾರಿ ನೋಡಲಾರದ ಚಹಾ ಗಂಟಲಾಗ ಇಳಿವಲ್ದೋ" ಎಂದಳು. ನಿನ್ನ ಮಂಚದೆದುರಿನ ಗೋಡೆಗೇ ಅವನನ್ನು ತರುತ್ತೇನೆ ಎಂದು ಮಾತು ಕೊಟ್ಟೆ.

ಸುದ್ದಿ ಕೇಳಿದ ಬಸಣ್ಣ ತನ್ನ ಹಳೆಯ ಕ್ಯಾಮೆರಾ ನನ್ನ ಕೊರಳಿಗೆ ಹಾಕಿದ. "ಇದರಾಗೂ ಒಂದು ಹೊಡಿ. ಯಾವುದು ಛಲೋ, ಅಕ್ಕನೇ ಹೇಳ್ಲಿ." ಅಕ್ಕನ ಮಾಳಿಗಿಯ ಮೇಲೆ ನಿಂತು ಎರಡರಲ್ಲೂ ತೆಗೆದೆ.

ಮೊದಲು ನನ್ನ ಡಿಜಿಟಲ್ ಫೋಟೋವನ್ನು ದೊಡ್ಡದಾಗಿ ಹಾಕಿಸಿ ತಂದೆ. ಅಬ್ಬಾ, ಏನು ಸ್ಪಷ್ಟತೆ! ಬಂಡೆಯ ಬಿರುಕು, ಮುಳ್ಳುಕಂಟಿ, ಮೇಯುವ ಆಡಿನ ಕಿವಿ ಕೂಡ ಬಂದಿತ್ತು. ಅಕ್ಕ ಬಹಳ ಹೊತ್ತು ನೋಡಿದಳು. ತಮ್ಮನಿಗೆ ಬೇಜಾರಾಗಬಾರದೆಂದು "ಛಲೋ ಬಂದದ" ಎಂದಳು. ಆಮೇಲೆ ಮೆಲ್ಲಗೆ, "ಕಲ್ಲು ಕಾಣ್ತಾವ, ಆಡು ಕಾಣ್ತದ. ಅಂವ ಎಲ್ಲಿ ಹೋದ?"

ನಾನೂ ಹುಡುಕಿದೆ. ಅಷ್ಟೊಂದು ಕಲ್ಲುಗಳ ನಡುವೆ ಹಣೆ ಯಾವುದು, ಮೂಗು ಯಾವುದು ತಿಳಿಯಲಿಲ್ಲ.

ಮರುವಾರ ಬಸಣ್ಣ ತಾನೇ ತೊಳೆದ ಫೋಟೋ ಹಿಡಿದು ಬಂದ. ಎಲ್ಲಾ ಮಬ್ಬು ಮಬ್ಬು. ಬೂದಿಬಣ್ಣದ ಆಕಾಶದ ಕೆಳಗೆ ಕರಿಯ ಹಣೆ, ಮೂಗು, ಎದೆ, ಅಷ್ಟೇ. ಗೋಡೆಗೆ ತೂಗುಹಾಕಿದ್ದೇ ತಡ, ಅಕ್ಕನ ಕೈಗಳು ತಾವಾಗಿ ಜೋಡಿಕೊಂಡವು, ಕಣ್ಣು ತುಂಬಿದವು. "ಬಂದ ನೋಡು! ಅಂವ ಅಲ್ಲಿ ಮಲಗ್ಯಾನ, ನಾ ಇಲ್ಲಿ ಮಲಗೀನಿ." ಒಳಗಿದ್ದ ಸೊಸೆಯನ್ನು ಕೂಗಿದಳು, "ಚಹಾ ತಾರವಾ ಇನ್ನ!"

ಬಸಣ್ಣ ಮೀಸೆ ತಿರುವಿದ. ನಿಜ ಹೇಳಬೇಕೆಂದರೆ, ಆ ಕ್ಯಾಮೆರಾಕ್ಕೆ ಕೈಯಿಂದಲೇ ಫೋಕಸ್ ಮಾಡಬೇಕು. ನಾನು ಕನ್ನಡಕ ಕೆಳಗೆ ಮರೆತು ಮಾಳಿಗಿ ಹತ್ತಿದ್ದೆ. ಫಿಲ್ಮಿಗೆ ಸಿಕ್ಕ ಹೊಗಳಿಕೆಯೆಲ್ಲ ನನ್ನ ಮಂದಗಣ್ಣಿಗೆ ಸಲ್ಲಬೇಕು. ತೊಳೆದವನಿಗೆ ಇದು ಗೊತ್ತಾಗದೇ ಇರುತ್ತದೆಯೇ? ಗೆದ್ದವನು ಯಾಕೆ ಬಾಯಿ ಬಿಡುತ್ತಾನೆ!

ಬಸಣ್ಣ ಹೋದ ಮೇಲೆ ತಡೆಯಲಾರದೆ ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ. ಅಕ್ಕ ಸೊಂಟದ ನೋವು ಮರೆತು ನಕ್ಕಳು.

"ನಾ ಯಾವತ್ತು ಕನ್ನಡಕ ಹಾಕ್ಕೊಂಡು ಮಾಳಿಗಿ ಹತ್ತೀನೋ ಹುಚ್ಚಾ? ಇಷ್ಟು ವರ್ಷ ಅಂವ ನನಗ ಹಿಂಗ ಕಂಡಾನ."

ನನ್ನ ಚಟ ಇನ್ನೂ ಬಿಟ್ಟಿಲ್ಲ. ಆದರೆ ಈಗ ಗೋಡೆಗೆ ಮೂಗು ತಾಗಿಸುವ ಮೊದಲು, ಅಜ್ಜ ಯಾರೆಂದು ಕೇಳುತ್ತೇನೆ.