ಎಡಗಡೆಯ ಜಾಗ

ಬಿಸಿಲಿಗೆ ಕಾದ ತಗಡಿನ ಸದ್ದು. ಟಿಕ್... ಟಿಕ್... ಆಮೇಲೆ ಇದ್ದಕ್ಕಿದ್ದಂತೆ ಒಂದು ದೊಡ್ಡ ಟಣ್. ಆ ಮಧ್ಯಾಹ್ನ ಅಂದರೆ ನನ್ನ ಕಿವಿಗೆ ಮೊದಲು ಬರುವುದು ಅದೇ. ಹೊಳೆನರಸೀಪುರದ ಹೊರಗೆ, ಹಿಂದೆ ತೆಂಗಿನಕಾಯಿ ತುಂಬುತ್ತಿದ್ದ ಒಂದು ಶೆಡ್ಡನ್ನೇ ಪ್ರಾರ್ಥನೆಯ ಹಾಲ್ ಮಾಡಿಕೊಂಡಿದ್ದರು. ಹಾಡು ನಿಂತು ಜನ ಕಣ್ಣು ಮುಚ್ಚಿದಾಗಲೂ ಮೇಲಿನ ಶೀಟು ಮಾತ್ರ ತನ್ನ ಪಾಡಿಗೆ ಟಿಕ್ ಟಿಕ್ ಅನ್ನುತ್ತಿತ್ತು. ಸುಮಾರು ಹತ್ತು ವರ್ಷದ ಹಿಂದಿನ ಮಾತು. ಈಗಲೂ ಹಾಸನದ ನನ್ನ ಮನೆಯಲ್ಲಿ ಹಿತ್ತಲ ಬಚ್ಚಲಿನ ತಗಡು ಬಿಸಿಲಿಗೆ ಸಿಡಿದರೆ, ನಾನು ಕೂತಲ್ಲೇ ಎಡಗಡೆ ತಿರುಗಿ ನೋಡುತ್ತೇನೆ.

ಇಂಥದ್ದನ್ನೆಲ್ಲ ನಂಬುವ ಹೆಂಗಸು ನಾನಾಗಿರಲಿಲ್ಲ. ಹುಟ್ಟು ಕ್ಯಾಥೊಲಿಕ್, ಭಾನುವಾರದ ಬಲಿಪೂಜೆ ತಪ್ಪಿಸಿದ್ದು ಕಡಿಮೆ, ಅದೆಲ್ಲ ಸರಿ. ಆದರೆ ದೇವದೂತರು, ದುರಾತ್ಮಗಳು, ಮನುಷ್ಯನ ಆತ್ಮಕ್ಕಾಗಿ ಅವರ ನಡುವೆ ನಡೆಯುವ ಯುದ್ಧ, ಇವೆಲ್ಲ ನನಗೆ ಕ್ರಿಸ್‌ಮಸ್ ಕಾರ್ಡಿನ ಚಿತ್ರಗಳಿದ್ದ ಹಾಗೆ. ನೋಡಲು ಚೆಂದ, ಅಷ್ಟೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು ನಾನು. ಮೈಮೇಲೆ ಬಂತು ಎಂದು ಯಾವುದಾದರೂ ಹುಡುಗಿ ತೂರಾಡಿದರೆ, ನೆರಳಿಗೆ ಕರೆದು ಕೂರಿಸಿ, "ಬೆಳಿಗ್ಗೆ ತಿಂಡಿ ತಿಂದಿದ್ದೀಯೇನೇ?" ಎಂದು ಮೊದಲು ಕೇಳುತ್ತಿದ್ದೆ.

ಚಿಕ್ಕಂದಿನಲ್ಲಿ ಹಾಗಿರಲಿಲ್ಲ. ಕಾನ್ವೆಂಟಿನ ಬೋರ್ಡಿಂಗ್‌ನಲ್ಲಿ ನಮ್ಮ ಸಿಸ್ಟರ್ ಒಂದು ಅಭ್ಯಾಸ ಕಲಿಸಿದ್ದರು. ಬೆಂಚಾಗಲಿ ಕುರ್ಚಿಯಾಗಲಿ, ಪೂರ್ತಿ ಆಕ್ರಮಿಸಿ ಕೂರಬಾರದು. ಬಲಗಡೆ ಒಂದಿಷ್ಟು ಜಾಗ ಬಿಡಬೇಕು. "ಲೀವ್ ರೂಮ್ ಫಾರ್ ಯುವರ್ ಏಂಜೆಲ್, ಚೈಲ್ಡ್." ನಿನ್ನ ಕಾವಲುದೂತ ದಿನವಿಡೀ ನಿನ್ನ ಜೊತೆ ನಡೆದಿರುತ್ತಾನೆ, ಅವನೂ ಕೂರಬೇಡವೇ? ಎಡಗಡೆ ಮಾತ್ರ ಬಿಡಬಾರದು. ಆ ಕಡೆ ನಿಲ್ಲುವವನು ಬೇರೆ, ಅವನು ಬರೀ ಜಾಗಕ್ಕೇ ಕಾದಿರುತ್ತಾನೆ ಎನ್ನುತ್ತಿದ್ದರು. ಊಟದ ಹಾಲ್‌ನಲ್ಲಿ ನಾವೆಲ್ಲ ಅವರವರ ದೂತನಿಗೆ ಜಾಗ ಬಿಟ್ಟು ಕೂತು ಕೂತು, ಬೆಂಚಿನ ತುದಿಯ ಹುಡುಗಿ ದಿನಕ್ಕೊಮ್ಮೆ ತಟ್ಟೆಯ ಸಮೇತ ಕೆಳಗೆ ಬೀಳುತ್ತಿದ್ದಳು.

ದೊಡ್ಡವಳಾದರೂ ಆ ಅಭ್ಯಾಸ ಹೋಗಲಿಲ್ಲ. ಹೋದದ್ದು ಅಮ್ಮ ತೀರಿಕೊಂಡಾಗ. ಆಸ್ಪತ್ರೆಯ ಸ್ಟೂಲಿನಲ್ಲೂ ಒಂದು ಅಂಚು ಬಿಟ್ಟು ಕೂತು ಮೂರು ದಿನ ಪ್ರಾರ್ಥನೆ ಮಾಡಿದ್ದೆ. ಅಮ್ಮ ಉಳಿಯಲಿಲ್ಲ. ಅಂತ್ಯಕ್ರಿಯೆಯ ದಿನ ಚರ್ಚಿನಲ್ಲಿ ಬೆಂಚಿನ ನಟ್ಟನಡುವೆ, ಬೇಕೆಂದೇ, ಸೀರೆ ಹರಡಿಕೊಂಡು ಕೂತೆ. ಯಾರಿಗೂ ಕಾಣದ ನನ್ನ ಜಗಳ ಅದು. ಅಂದಿನಿಂದ ಎಲ್ಲಿ ಕೂತರೂ ಮಧ್ಯದಲ್ಲೇ. ಇದನ್ನು ನಾನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿದವಳಲ್ಲ. ಓದಿದ ಹೆಂಗಸು, ಇಂಥದ್ದನ್ನು ಹೇಳಿಕೊಳ್ಳುವುದು ಹೇಗೆ?

ಗ್ರೇಸಿ ನನ್ನ ಹಳೆಯ ವಿದ್ಯಾರ್ಥಿನಿ. ಮದುವೆಯಾಗಿ ಹೊಳೆನರಸೀಪುರಕ್ಕೆ ಹೋದಮೇಲೆ ಆ ಪ್ರಾರ್ಥನೆಯ ಹಾಲ್‌ನ ಕೆಲಸ ನೋಡಿಕೊಳ್ಳುತ್ತಿದ್ದಳು. ಒಂದು ದಿನ ಫೋನ್ ಮಾಡಿದಳು. "ಮಿಸ್, ಶುಕ್ರವಾರ ಉಪವಾಸ ಪ್ರಾರ್ಥನೆ ಐತೆ. ಹೊರಗಿಂದ ಬ್ರದರ್ ಬತ್ತಾವ್ರೆ, ಅವರ್ದು ಬರೀ ಇಂಗ್ಲಿಷು. ಟ್ರಾನ್ಸ್‌ಲೇಟ್ ಮಾಡೋರಿಗೆ ಜ್ವರ. ನೀವು ಬರ್ದಿದ್ರೆ ನಾನೇ ನಿಂತ್ಕಬೇಕು, ನನ್ ಇಂಗ್ಲಿಷ್ ನಿಮ್ಗೇ ಗೊತ್ತಲ್ಲ."

"ಗೊತ್ತು ಕಣೇ, ಪಾಸ್ ಮಾಡಿದ ಪಾಪ ನಂದೇ ತಾನೇ" ಅಂದೆ. ನಮ್ಮ ಪಂಗಡ ಬೇರೆ, ಅವರ ಪಂಗಡ ಬೇರೆ. ಆದರೂ ಬಸ್ಸು ಹತ್ತಿದೆ.

ಅಲ್ಲಿ ಟ್ರಾನ್ಸ್‌ಲೇಟರ್ ಕೆಲಸಕ್ಕೆ ಒಂದು ಕಟ್ಟುನಿಟ್ಟಿದೆ. ಪ್ರಸಂಗಿ ಒಂದು ವಾಕ್ಯ ಹೇಳಿ ನಿಲ್ಲಿಸುತ್ತಾರೆ. ಅದನ್ನು ಅದೇ ದನಿಯಲ್ಲಿ, ಅದೇ ರಭಸದಲ್ಲಿ ಕನ್ನಡಕ್ಕೆ ತರಬೇಕು. ಅವರು "ನಾನು" ಅಂದರೆ ನಾವೂ "ನಾನು" ಅನ್ನಬೇಕೇ ಹೊರತು "ಬ್ರದರ್ ಹೀಗನ್ನುತ್ತಾರೆ" ಅನ್ನುವ ಹಾಗಿಲ್ಲ. ಅವರು ಕೈ ಎತ್ತಿದರೆ ನಾವೂ ಎತ್ತಬೇಕು. ಹಾಗಾಗಿ ಮಂಡಿನೋವಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತ ಈ ಮುದುಕಿ, "ದುರಾತ್ಮವೇ, ನಿನ್ನನ್ನು ಕಟ್ಟುತ್ತೇನೆ! ಹೊರಗೆ ಬಾ!" ಎಂದು ಮೈಕಿನಲ್ಲಿ ಗುಡುಗಿದಳು. ಒಳಗೊಳಗೇ ನಗು ಬರುತ್ತಿತ್ತು. ಬ್ರದರ್ ನನ್ನ ಬಲಕ್ಕೆ ನಿಂತಿದ್ದರು. ಎಡಕ್ಕೆ ಖಾಲಿ ನೆಲ, ಅದರಾಚೆ ಗೋಡೆ. ಇದನ್ನು ನೆನಪಿಟ್ಟುಕೊಳ್ಳಿ.

ಮೂರು ಗಂಟೆಯ ಹೊತ್ತಿಗೆ ಹಳ್ಳಿಮೈಸೂರಿನ ಕಡೆಯ ಒಬ್ಬ ತಾಯಿ ಮಗಳನ್ನು ಮುಂದೆ ಕರೆತಂದಳು. ತಾಯಿ ಪುಟ್ಟಮ್ಮ, ಹೊಲಗೆಲಸದ ಹೆಂಗಸು. ಮಗಳು ಜಯ, ಹತ್ತೊಂಬತ್ತು ವರ್ಷ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. "ಚಿಕ್ಕೋಳಿದ್ದಾಗ್ಲಿಂದ ಪಿಟ್ಸು ಕಣಮ್ಮ. ಮಾತ್ರೆ ನುಂಗುಸ್ತಾನೇ ಇವ್ನಿ. ಬತ್ತದೆ, ಓಯ್ತದೆ. ಇನ್ನೆಷ್ಟು ವರ್ಸ ಅಂತ ನುಂಗ್ಸನ? ನಾಳೆ ಒಬ್ರ ಮನೆಗೆ ಓಗೋ ಎಣ್ಣು." ಅದನ್ನು ಇಂಗ್ಲಿಷಿಗೆ ತಂದು ಹೇಳಿದೆ. ಬ್ರದರ್ ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಪ್ರಾರ್ಥಿಸಿದರು. ಅವಳು ಬೀಳಲಿಲ್ಲ, ಕಿರುಚಲಿಲ್ಲ. ಕಣ್ಣು ಮುಚ್ಚಿ ಸುಮ್ಮನೆ ನಿಂತಿದ್ದಳು. ಕೊನೆಗೆ ಅವರು ತಾಯಿಯ ಕಡೆ ತಿರುಗಿ ಹೇಳಿದರು: "ಶಿ ಈಸ್ ಫ್ರೀ. ನೋ ಮೋರ್ ಟ್ಯಾಬ್ಲೆಟ್ಸ್."

ನನ್ನ ನಗು ಅಲ್ಲಿಗೆ ನಿಂತಿತು. ನನ್ನದೇ ಕ್ಲಾಸಿನ ಒಬ್ಬ ಹುಡುಗಿ ಇದೇ ಮಾತ್ರೆಯನ್ನು ಏಕಾಏಕಿ ಬಿಟ್ಟು, ಒಂದು ವಾರದಲ್ಲಿ ಒಂದರ ಹಿಂದೊಂದು ಫಿಟ್ಸ್ ಬಂದು ತೀರಿಹೋಗಿದ್ದಳು. ಅವಳ ಮಣ್ಣಿಗೆ ಹೋಗಿ ಬಂದವಳು ನಾನು. ಕೈ ಎತ್ತಿ, ಬ್ರದರ್‌ನ ದನಿಯಲ್ಲೇ ಹೇಳಿದೆ: "ಪ್ರಾರ್ಥನೆ ಬಿಡಬೇಡಿ. ಮಾತ್ರೆಯನ್ನೂ ಬಿಡಬೇಡಿ. ಡಾಕ್ಟರು ನಿಲ್ಲಿಸಿ ಅನ್ನುವ ತನಕ ಒಂದು ದಿನವೂ ತಪ್ಪಿಸಬೇಡಿ!"

ಜಯ ಕಣ್ಣು ಬಿಟ್ಟಳು. "ಅಯ್ಯನೋರು ಅಂಗನ್ನಲಿಲ್ಲ" ಅಂದಳು.

ಇದಕ್ಕೆ ನಾನು ಹೆದರಲಿಲ್ಲ. ಅವರದು ತುಂಡು ಮಾತು, ನನ್ನದು ಉದ್ದ. ಯಾರಿಗಾದರೂ ಅನುಮಾನ ಬರುತ್ತದೆ. ಆದರೆ ಅವಳ ಕಣ್ಣು ನನ್ನ ಮುಖದಿಂದ ಸರಿದು ನನ್ನ ಎಡಗಡೆಗೆ ಹೋಯಿತು. ಅಲ್ಲೇ ನಿಂತಿತು, ಆಳೆತ್ತರದಲ್ಲಿ. ಆಮೇಲೆ, ಬಂದ ನೆಂಟರನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡ ಮನೆಯವರನ್ನು ಮೆಲ್ಲಗೆ ಗದರಿಕೊಳ್ಳುವ ಹಾಗೆ ಹೇಳಿದಳು: "ವಸಿ ಜರುಗ್ಕಳಿ ಟೀಚರಮ್ಮ. ನಿಮ್ ಪಕ್ಕದೋರು ನಿಂತೇ ಅವ್ರೆ. ನಿಮ್ಮವ್ವ ಓದಾಗ್ಲಿಂದ ಕುಂತೇ ಇಲ್ವಂತೆ, ಪಾಪ."

ಶೀಟಿನ ಸದ್ದು ನಿಂತಿತ್ತು. ಅಥವಾ ನನಗೆ ಕೇಳಿಸಲಿಲ್ಲವೋ ಏನೋ. "ವಾಟ್ ಈಸ್ ಶಿ ಸೇಯಿಂಗ್, ಸಿಸ್ಟರ್?" ಎಂದು ಬ್ರದರ್ ಎರಡು ಸಲ ಕೇಳಿದರು. ಗ್ರೇಸಿ ಓಡಿಬಂದು ಮೈಕು ತೆಗೆದುಕೊಂಡಳು. ಬ್ರದರ್ ಮತ್ತೆ ಹೇಳಿದರು, ಅವಳು ಇದ್ದದ್ದನ್ನು ಇದ್ದ ಹಾಗೆ ಕನ್ನಡಕ್ಕೆ ತಂದಳು: ಬಿಡುಗಡೆ ಆಗಿದೆ, ಇನ್ನು ಮಾತ್ರೆ ಬೇಡ. ಪುಟ್ಟಮ್ಮ ಕೈಚೀಲದಿಂದ ಮಾತ್ರೆಯ ಸ್ಟ್ರಿಪ್ ತೆಗೆದು ಬ್ರದರ್‌ನ ಕಾಲ ಬಳಿ ಇಟ್ಟುಬಿಟ್ಟಳು. ನಾನು ನೋಡುತ್ತಿದ್ದೆ. ಎದ್ದು ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಎಡಗಡೆಯ ಖಾಲಿ ನೆಲದ ಮೇಲಿಂದ ಕಣ್ಣು ಕೀಳಲು ಆಗದೆ ಕೂತಿದ್ದೆ, ಕುರ್ಚಿಯ ಮಧ್ಯದಲ್ಲಿ.

ಮೂರು ವಾರ ಕಳೆದು ಗ್ರೇಸಿಯ ಫೋನ್ ಬಂತು. ಅಳುತ್ತಿದ್ದಳು. ಜಯ ಫಿಟ್ಸ್ ಬಂದು ಒಲೆಯ ಮೇಲೆ ಬಿದ್ದು ಕೈ ಸುಟ್ಟುಕೊಂಡಿದ್ದಾಳೆ. ಆಸ್ಪತ್ರೆಯ ಡಾಕ್ಟರು ಇನ್ನೊಂದು ಸಲ ಹೀಗಾದರೆ ಜೀವಕ್ಕೇ ಅಪಾಯ ಎಂದು ಬೈದು ಮಾತ್ರೆ ಕೊಟ್ಟಿದ್ದಾರೆ. ಹುಡುಗಿ ಬಾಯಿಗೆ ಹಾಕಿದ್ದನ್ನೆಲ್ಲ ಉಗಿಯುತ್ತಾಳೆ. ಮರುದಿನ ಬೆಳಿಗ್ಗೆಯೇ ಹಳ್ಳಿಮೈಸೂರಿಗೆ ಹೋದೆ.

ಪುಟ್ಟಮ್ಮ ಬಾಗಿಲಲ್ಲೇ ಹಿಡಿದುಕೊಂಡಳು. "ಅವತ್ತು ನೀವೊಂದಂದ್ರಿ, ಗ್ರೇಸಮ್ಮ ಒಂದಂದ್ರು. ಯಾವ್ದು ದಿಟ?"

"ಬ್ರದರ್ ಅಂದಿದ್ದು ಗ್ರೇಸಿ ಹೇಳಿದ್ದು. ನಾನು ಹೇಳಿದ್ದು ನನ್ನ ಮಾತು."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿಮ್ ಮಾತು ಅಂದ್ಮೇಲೆ ಗಟ್ಟಿಯಾಗಿ ನಿಂತ್ಕಬೇಕಿತ್ತು ಕಣಮ್ಮ. ಸುಮ್ಕಾಗ್ಬುಟ್ರಲ್ಲ" ಅಂದಳು. ಇಷ್ಟು ವರ್ಷದಲ್ಲಿ ನನಗೆ ಯಾರೂ ಇಷ್ಟು ನೇರವಾಗಿ ಬೈದಿರಲಿಲ್ಲ.

ಜಯ ಜಗಲಿಯಲ್ಲಿ ಕೂತಿದ್ದಳು, ಮೊಣಕೈವರೆಗೆ ಬ್ಯಾಂಡೇಜು. ನಾನೂ ಕೂತು, ಅಂಗೈಯಲ್ಲಿ ಮಾತ್ರೆ ಹಿಡಿದು, ತಗೋ ಮಗಳೇ ಅಂದೆ. ಅವಳು ನನ್ನನ್ನಲ್ಲ, ನನ್ನ ಪಕ್ಕ ನೋಡಿದಳು. "ಇನ್ನೂ ನಿಲ್ಲಿಸ್ಕಂಡೇ ಇದ್ದೀರಲ್ಲ. ಅವ್ರಿಗೆ ಜಾಗ ಬುಡಿ, ಆಮೇಲೆ ತಗತೀನಿ."

ಏನೋ ಒಂದು, ಹುಡುಗಿ ನುಂಗಿದರೆ ಸಾಕು ಎಂದು, ಸಿಸ್ಟರ್ ಕಲಿಸಿದ ಹಾಗೆ ಬಲಗಡೆ ಜಾಗ ಬಿಟ್ಟು ಸರಿದೆ.

"ಆ ಕಡೆ ಅಲ್ಲ ಟೀಚರಮ್ಮ. ಈ ಕಡೆ."

ಎಡಗಡೆ. ನಗಬೇಡಿ. ಆರು ವರ್ಷದ ಮಗುವಿಗೆ ಹೇಳಿದ ಮಾತು ಅರವತ್ತು ದಾಟಿದವಳ ಬೆನ್ನುಮೂಳೆಯಲ್ಲಿ ಕೂತಿರುತ್ತದೆ. ಆ ಕಡೆ ನಿಲ್ಲುವವನು ಬೇರೆ. ಅಂಗೈಯ ಬೆವರಿಗೆ ಮಾತ್ರೆ ಕರಗತೊಡಗಿತ್ತು. ಅವಳು ಕಾಯುತ್ತಿದ್ದಳು. ನಾನು ಬಲಕ್ಕೆ ಸರಿದು, ಎಡಗಡೆ ಒಬ್ಬರು ಕೂರುವಷ್ಟು ಜಾಗ ಬಿಟ್ಟೆ. ಜಯ ಅದನ್ನೇ ಕ್ಷಣಕಾಲ ನೋಡಿ, ಸಮಾಧಾನವಾದವಳಂತೆ ಉಸಿರು ಬಿಟ್ಟು, ಮಾತ್ರೆ ನುಂಗಿ ನೀರು ಕುಡಿದಳು. "ಕುಂತ್ಕಂಡ್ರೇನಮ್ಮಿ?" ಎಂದು ಪುಟ್ಟಮ್ಮ ಒಳಗಿಂದ ಕೇಳಿದಳು. "ಊಂ" ಅಂದಳು ಮಗಳು. ಪುಟ್ಟಮ್ಮ ಎರಡು ಲೋಟ ಕಾಫಿ ತಂದು ಒಂದನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಆ ಖಾಲಿ ಜಾಗದ ಮುಂದೆ ಇಟ್ಟಳು. "ಯಾರೇ ಆಗ್ಲಿ, ಮನೆಗೆ ಬಂದವ್ರೆ" ಅಂದಳು.

ಅಂದಿನಿಂದ ಜಯ ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ ಎಂದು ಗ್ರೇಸಿ ಹೇಳುತ್ತಿದ್ದಳು. ನಾನೂ ತಪ್ಪಿಸಲಿಲ್ಲ. ಮನೆಯಲ್ಲಿ, ಬಸ್ಸಿನಲ್ಲಿ, ಚರ್ಚಿನಲ್ಲಿ, ಎಲ್ಲಿ ಕೂತರೂ ಎಡಗಡೆ ಬಿಟ್ಟು ಕೂತೆ. ನಾನು ತಪ್ಪಿದರೆ ಅವಳೂ ತಪ್ಪಿಯಾಳು ಎಂಬ ಭಯ.

ಯೋಚಿಸದೆ ಇದ್ದೇನೆಂದುಕೊಳ್ಳಬೇಡಿ. ಜಾಗ ಬಿಡುವ ಕಥೆಯನ್ನು ಎಂದೋ ಕ್ಲಾಸಿನಲ್ಲಿ ಹೇಳಿದ್ದೆನೇ? ಗ್ರೇಸಿ ಮರೆಯದೆ ಇಟ್ಟುಕೊಂಡು ಯಾರಿಗೋ ಹೇಳಿದಳೇ? ಕೇಳಿದೆ. "ಇಲ್ಲ ಮಿಸ್" ಅಂದಳು. ಹೇಳಿದ್ದರೂ ಅಮ್ಮನ ಅಂತ್ಯಕ್ರಿಯೆಯ ದಿನದ ನನ್ನ ಜಗಳ? ಅದು ನನ್ನ ತಲೆಯಿಂದ ಆಚೆ ಹೋದದ್ದೇ ಇಲ್ಲ. ಒಮ್ಮೆ ಪಾಪನಿವೇದನೆಯಲ್ಲಿ ಫಾದರ್‌ಗೆ ಎಲ್ಲ ಹೇಳಿದೆ. "ಸೈತಾನನಾಗಿದ್ದರೆ ಆ ಮಗು ಮಾತ್ರೆ ನುಂಗಲಿ ಅಂತ ಯಾಕಮ್ಮ ಬಯಸ್ತಾನೆ?" ಅಂದರು. ಒಳ್ಳೆಯ ಮಾತು. ಆದರೆ ಮನೆಗೆ ಬಂದು ಯೋಚಿಸಿದೆ: ಜಾಗಕ್ಕೇ ಕಾದವನು, ಜಾಗ ಸಿಗುವುದಾದರೆ ಒಂದು ಮಾತ್ರೆ ಬಿಟ್ಟುಕೊಡಲು ಯಾಕೆ ಹಿಂಜರಿಯುತ್ತಾನೆ? ಪಾಪ, ಅಮ್ಮ ಹೋದಾಗಿನಿಂದ ನಿಂತೇ ಇದ್ದವನು ನಿಜವಾಗಿ ನನ್ನ ಕಾವಲುದೂತನೇ ಆಗಿದ್ದರೆ? ಎರಡರಲ್ಲಿ ಒಂದನ್ನು ಹೇಳಿ ಮುಗಿಸೋಣವೆಂದರೆ ಇವತ್ತಿಗೂ ಆಗಿಲ್ಲ.

ಜಯಳನ್ನು ಕೊನೆಯ ಸಲ ನೋಡಿದ್ದು ಐದಾರು ವರ್ಷದ ಹಿಂದೆ, ಹಾಸನದ ಬಸ್ ಸ್ಟ್ಯಾಂಡಿನಲ್ಲಿ. ನಾನು ಬೆಂಚಿನಲ್ಲಿ ಎಡಗಡೆ ಬಿಟ್ಟು ಕೂತಿದ್ದೆ. ಎಷ್ಟು ಜನ "ವಸಿ ಜರುಗಿ ಅಜ್ಜಿ" ಅಂದರೂ ಕೇಳದ ಹಾಗೆ ಮಾಡುತ್ತಿದ್ದೆ. ಯಾರೋ ಬಂದು ಧಪ್ಪನೆ ಆ ಜಾಗದಲ್ಲೇ ಕೂತರು. ತಿರುಗಿದರೆ ಜಯ, ಕೊರಳಲ್ಲಿ ತಾಳಿ, ಮಡಿಲಲ್ಲಿ ಬ್ಯಾಗು. ಶಾಂತಿಗ್ರಾಮಕ್ಕೆ ಕೊಟ್ಟಿದ್ದಾರಂತೆ, ಗಂಡನಿಗೆ ಎಲ್ಲ ಗೊತ್ತಂತೆ. ನಾನು ಕೇಳುವ ಮೊದಲೇ ಪರ್ಸ್ ತೆಗೆದು ಮಾತ್ರೆಯ ಸ್ಟ್ರಿಪ್ ತೋರಿಸಿ ನಕ್ಕಳು. ಸುಟ್ಟ ಕೈಯ ಗುರುತು ಮಾಸಿತ್ತು. ಅಷ್ಟರಲ್ಲಿ ಅವಳ ಬಸ್ಸು ಬಂತು. ಎದ್ದು, ಸೆರಗು ಸರಿಮಾಡಿಕೊಂಡು, ನನ್ನ ಎರಡೂ ಪಕ್ಕ ಒಮ್ಮೆ ನೋಡಿದಳು.

"ಇವತ್ತು ಒಬ್ರೇ ಬಂದ್ರಾ, ಟೀಚರಮ್ಮ?"

ಅಷ್ಟು ಕೇಳಿ ಅವಳು ಬಸ್ಸು ಹತ್ತಿದಳು. ಕಿಟಕಿಯಿಂದ ಕೈ ಬೀಸಿದಳು, ನನಗೊಬ್ಬಳಿಗೇ. ಬಸ್ಸು ಹೋಯಿತು. ಬೆಂಚಿನ ಎಡಗಡೆ ಅವಳು ಕೂತ ಜಾಗ ಇನ್ನೂ ಬೆಚ್ಚಗಿತ್ತು, ಕೈಯಿಟ್ಟು ನೋಡಿದೆ. ನನ್ನ ಬಸ್ಸು ಬರುವವರೆಗೂ ನಾನು ಮಧ್ಯಕ್ಕೆ ಜರುಗಲಿಲ್ಲ.